ಕಂಬವಿಲ್ಲದ ಕೆಂಪು ದೀಪ

1

ನಾನು ಕೆಂಪು ದೀಪವನ್ನು ಮೊದಲ ಸಲ ಕಂಡದ್ದು ಬೆಂಗಳೂರಿನಲ್ಲಿ, ಇಪ್ಪತ್ತೊಂದನೇ ವಯಸ್ಸಿನಲ್ಲಿ. ಆಲ್ದೂರಿನ ಸುತ್ತಿನ ಕಾಫಿ ತೋಟದ ಲೈನುಮನೆಯಲ್ಲಿ ಹುಟ್ಟಿ ಬೆಳೆದವನಿಗೆ ರಸ್ತೆ ಅಂದರೆ ತಿರುವು, ಮಂಜು, ಮಳೆಗೆ ಕಿತ್ತುಹೋದ ಅಂಚು, ಎದುರಿಗೆ ಬರುವ ಲಾರಿಯ ಹಾರನ್ನು. ಅಲ್ಲಿ ಯಾರು ಮೊದಲು ಹೋಗಬೇಕು ಅನ್ನೋದನ್ನ ದೀಪ ಹೇಳುತ್ತಿರಲಿಲ್ಲ. ಗಾಡಿಯ ಗಾತ್ರ ಹೇಳುತ್ತಿತ್ತು.

ಬೆಂಗಳೂರಿನ ಆ ಸರ್ಕಲ್ಲಿನಲ್ಲಿ ಸಂಜೆ ಹೊತ್ತು. ದೀಪ ಕೆಂಪಾಯಿತು. ಕಾರು, ಬಸ್ಸು, ಆಟೋ ಎಲ್ಲ ನಿಂತವು. ವಾಚ್‌ಮನ್ ಬಟ್ಟೆ ತೊಟ್ಟ ಒಬ್ಬ ಮುದುಕ, ಹ್ಯಾಂಡಲ್ಲಿಗೆ ಟಿಫಿನ್ ಕ್ಯಾರಿಯರ್ ನೇತುಹಾಕಿಕೊಂಡು ಸೈಕಲ್ಲಿನಲ್ಲಿ ಬಂದವನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ ಮೆಲ್ಲಗೆ ದಾಟಿಬಿಟ್ಟ. ನನ್ನ ಪಕ್ಕದಲ್ಲಿ ಬೈಕಿನ ಮೇಲೆ ಕೂತಿದ್ದವನಿಗೆ ಸಿಟ್ಟು ಬಂತು. 'ಇಂಥವ್ರಿಗೂ ಫೈನ್ ಹಾಕ್ಬೇಕು ಕಣ್ರೀ, ರೂಲ್ಸು ಎಲ್ರಿಗೂ ಒಂದೇ ಅಲ್ವಾ?' ಅಂದ. ಹಾಗನ್ನುವಾಗ ಅವನ ಮುಂದಿನ ಚಕ್ರ ನಡೆಯುವವರು ದಾಟುವ ಬಿಳಿ ಪಟ್ಟೆಯ ಮೇಲೇ ನಿಂತಿತ್ತು.

'ರೂಲ್ಸು ಎಲ್ಲರಿಗೂ ಒಂದೇ.' ಈ ಮಾತನ್ನು ನಾನು ಬೇರೆ ಕಡೆಯೂ ಕೇಳಿದ್ದೇನೆ. ಮೀಸಲಾತಿಯ ಮಾತು ಬಂದಾಗ ಕಾಲೇಜಿನಲ್ಲಿ, ಕೂಲಿ ಹೆಚ್ಚಿಸಿ ಅಂದಾಗ ತೋಟದ ಆಫೀಸಿನಲ್ಲಿ ಕೇಳಿದ್ದೇನೆ. ನಮ್ಮ ದೇಶದಲ್ಲಿ ಈ ಮಾತು ಹುಟ್ಟುವುದು ಯಾವಾಗಲೂ ಮೇಲಿದ್ದವನ ಬಾಯಲ್ಲಿ, ಕೆಳಗಿದ್ದವನು ಒಂದು ಹೆಜ್ಜೆ ಮುಂದೆ ಇಟ್ಟ ಗಳಿಗೆಯಲ್ಲಿ. ಆ ಮುದುಕ ದಾಟಿದ್ದು ಸರಿಯೋ ತಪ್ಪೋ ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕೇಳಬೇಕಾದ ಪ್ರಶ್ನೆ: ಈ ರಸ್ತೆಯ ಕಾನೂನು ಯಾರಿಗೋಸ್ಕರ ಹುಟ್ಟಿತು? ಯಾರನ್ನು ನಿಲ್ಲಿಸಲು ಹುಟ್ಟಿತು?

2

ನಮ್ಮೂರಲ್ಲೂ ಒಂದು ಕೆಂಪು ದೀಪ ಇತ್ತು. ಅದಕ್ಕೆ ಕಂಬ ಇರಲಿಲ್ಲ, ಅಷ್ಟೆ.

ನಮ್ಮಜ್ಜ ಸೈಕಲ್ ಕೊಂಡಿದ್ದು ಹಳೇದು, ಎರಡನೇ ಕೈಯದು. ಮಲೆನಾಡಿನಲ್ಲಿ ಸೈಕಲ್ ಅಂದರೆ ಅರ್ಧ ದಾರಿ ನಾವು ಅದನ್ನು ನೂಕಬೇಕು, ಇನ್ನರ್ಧ ದಾರಿ ಅದು ನಮ್ಮನ್ನು ಹೊರುತ್ತದೆ. ಆದರೂ ಸಂತೆಯ ಅಕ್ಕಿ ಮೂಟೆ ತಲೆಯಿಂದ ಇಳಿದು ಕ್ಯಾರಿಯರ್ ಮೇಲೆ ಕೂತಿತಲ್ಲ, ಅದೇ ನಮ್ಮ ಮನೆಗೆ ಬಂದ ಮೊದಲ ಸ್ವಾತಂತ್ರ್ಯ.

ಆಲ್ದೂರಿಂದ ನಮ್ಮ ಲೈನಿಗೆ ಬರುವ ದಾರಿ ಒಬ್ಬ ಸಾಹುಕಾರರ ಮನೆ ಗೇಟಿನ ಮುಂದೆ ಹಾಯುತ್ತಿತ್ತು. ದಾರಿ ಸರ್ಕಾರದ್ದು. ಆದರೆ ನಮ್ಮವರು ಗೇಟಿಗೆ ನೂರು ಮಾರು ಈಚೆಗೇ ಸೈಕಲ್ ಇಳಿಯಬೇಕು. ಚಪ್ಪಲಿ ಬಿಚ್ಚಿ ಹ್ಯಾಂಡಲ್ಲಿಗೆ ಸಿಕ್ಕಿಸಬೇಕು. ತಲೆಗೆ ಸುತ್ತಿದ ಟವೆಲ್ಲು ಕಂಕುಳಿಗೆ ಬರಬೇಕು. ನೂಕಿಕೊಂಡು ಗೇಟು ದಾಟಿ, ಹಲಸಿನ ಮರದ ತಿರುವು ಕಳೆದ ಮೇಲೆ ಹತ್ತಬೇಕು. ಬೋರ್ಡು ಇಲ್ಲ, ಪೊಲೀಸ್ ಇಲ್ಲ, ಬರೆದ ಕಾನೂನಿಲ್ಲ. ಆದರೂ ನಮ್ಮ ಕೇರಿಯ ಐದು ವರ್ಷದ ಮಗುವಿಗೂ ಆ ದೀಪ ಕಾಣುತ್ತಿತ್ತು. ಅದು ಎಂದೂ ಹಸಿರಾಗುತ್ತಿರಲಿಲ್ಲ. ಅದೇ ದಾರಿಯಲ್ಲಿ ಬೇರೆಯವರ ಮಕ್ಕಳು ಬೆಲ್ಲು ಬಾರಿಸುತ್ತಾ ಹೋಗುತ್ತಿದ್ದರು. ಅವರಿಗೆ ಅಲ್ಲಿ ದೀಪವೇ ಇರಲಿಲ್ಲ.

1978ರಲ್ಲಿ ಒಂದು ಸಂಜೆ ಅಜ್ಜ ಇಳಿಯಲಿಲ್ಲ. ಮನೆಯಲ್ಲಿ ದೊಡ್ಡತ್ತೆಗೆ ಹೆರಿಗೆ ನೋವು. ಸೂಲಗಿತ್ತಿಗೆ ಹೇಳಿ ವಾಪಸ್ ಬರ್ತಿದ್ದವನು ಇಳಿಜಾರಿನಲ್ಲಿ ಹಾಗೇ ಗೇಟು ದಾಟಿಸಿಬಿಟ್ಟ. ಮಾರನೇ ದಿನ ಕರೆ ಬಂತು.

'ಯಾಕೋ, ನಿನ್ನೆ ಇಳೀಲಿಲ್ವಂತೆ?'

'ಬಿರೀಕು ಹಿಡೀಲಿಲ್ಲ ಅಯ್ಯಾ.'

ಒಂದು ವಾರದ ಕೂಲಿ ಹಿಡಿದರು. ಸೈಕಲ್ ಒಂದು ತಿಂಗಳು ಕಾಫಿ ಕಣದ ಮೂಲೆಯಲ್ಲಿ ನಿಂತಿತ್ತು. ನಾನು ಬಿ.ಎ. ಪಾಸಾದ ವರ್ಷ ಅಜ್ಜ ನನ್ನನ್ನು ಕೂರಿಸಿಕೊಂಡು ಹೇಳಿದ: 'ಬಿರೀಕು ಚೆನ್ನಾಗೇ ಇತ್ತು ಕಣೋ.'

ಇದು ನಮ್ಮ ಮನೆಯವರು ಕೆಂಪು ದೀಪ ಹಾರಿದ ಮೊದಲ ಸಲ. ಅಜ್ಜನಿಗೆ ಗೊತ್ತಿಲ್ಲದ ಒಂದು ಸಂಗತಿ ಏನೆಂದರೆ, ಆ ದಿನ ಕಾನೂನು ಮುರಿದವನು ಅವನಲ್ಲ. ರಸ್ತೆಗಳನ್ನು ಬಳಸಲು ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದೆಂದು ಸಂವಿಧಾನದ 15ನೇ ವಿಧಿ 1950ರಲ್ಲೇ ಹೇಳಿತ್ತು. ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆ 'ರಸ್ತೆ' ಅನ್ನುವ ಶಬ್ದವನ್ನೂ ಅಲ್ಲಿ ಬಿಡಿಸಿ ಬರೆದಿದ್ದಾರೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅಂಥ ತಡೆಯನ್ನು ಶಿಕ್ಷೆಗೆ ಗುರಿಮಾಡಿತು. 1976ರಲ್ಲಿ ಅದೇ ಕಾಯ್ದೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರು ಪಡೆದು ಬಿಗಿಯಾಯಿತು. ಅಂದರೆ ಅಜ್ಜ ವಾರದ ಕೂಲಿ ಕಳೆದುಕೊಂಡಾಗ ಆ ಕಾನೂನಿಗೆ ಇಪ್ಪತ್ತಮೂರು ವರ್ಷ ವಯಸ್ಸು. ಲೈನುಮನೆಗೆ ಅದು ಇನ್ನೂ ಬಂದಿರಲಿಲ್ಲ. ಏರಿನಲ್ಲಿ ನಿಂತಿತ್ತೋ ಏನೋ.

3

ನಮ್ಮ ಜನರ ಇತಿಹಾಸವನ್ನು ದೇವಸ್ಥಾನದ ಬಾಗಿಲಲ್ಲಿ, ಬಾವಿಯ ಕಟ್ಟೆಯಲ್ಲಿ ಹುಡುಕಿದಂತೆ ರಸ್ತೆಯಲ್ಲೂ ಹುಡುಕಬೇಕು. ಬಾವಿಗೆ, ಶಾಲೆಗೆ, ಕೋರ್ಟಿಗೆ ಹೋಗಬೇಕಾದರೂ ಮೊದಲು ಕಾಲಿಡಬೇಕಾದ್ದು ರಸ್ತೆಗೇ.

1893ರಲ್ಲಿ ತಿರುವಾಂಕೂರಿನ ವೆಂಙಾನೂರಿನ ಪುಲಯರ ಹುಡುಗ ಅಯ್ಯಂಕಾಳಿ ಒಂದು ಎತ್ತಿನ ಗಾಡಿ ಕೊಂಡರು. ಮೇಲುಜಾತಿಯವರು ಮಾತ್ರ ಕೂರುತ್ತಿದ್ದ ವಿಲ್ಲುವಂಡಿ ಅದು. ಒಳ್ಳೇ ಬಟ್ಟೆ ತೊಟ್ಟು, ತಲೆಗೆ ರುಮಾಲು ಕಟ್ಟಿ, ತಮ್ಮವರಿಗೆ ನಿಷಿದ್ಧವಾಗಿದ್ದ ಸಾರ್ವಜನಿಕ ರಸ್ತೆಯಲ್ಲಿ ಅದನ್ನು ಓಡಿಸಿದರು. ಕೈಯಲ್ಲಿ ಅರ್ಜಿ ಇರಲಿಲ್ಲ, ಹಗ್ಗ ಇತ್ತು. ಇಂಡಿಯಾದ ಸಂಚಾರಿ ನಿಯಮಗಳ ಇತಿಹಾಸ ಬರೆಯುವವರು ಮೋಟಾರಿನಿಂದ ಶುರುಮಾಡುತ್ತಾರೆ. ನಾನು ಈ ಗಾಡಿಯಿಂದ ಶುರುಮಾಡುತ್ತೇನೆ.

1924ರ ಮಾರ್ಚ್ 30ರಂದು ಶುರುವಾದ ವೈಕಂ ಸತ್ಯಾಗ್ರಹ ಗುಡಿಯೊಳಗೆ ಹೋಗುವುದಕ್ಕಲ್ಲ, ಗುಡಿಯ ಸುತ್ತಲಿನ ರಸ್ತೆಯಲ್ಲಿ ನಡೆಯುವುದಕ್ಕೆ. ನಾಯಿ ಓಡಾಡಬಹುದಾದ ರಸ್ತೆಯಲ್ಲಿ ಈಳವ, ಪುಲಯ ಓಡಾಡುವಂತಿರಲಿಲ್ಲ. ಪೆರಿಯಾರ್ ಅಲ್ಲಿ ಜೈಲಿಗೆ ಹೋದರು. ಇಪ್ಪತ್ತು ತಿಂಗಳ ಹೋರಾಟದ ಕೊನೆಗೆ ಮೂರು ದಿಕ್ಕಿನ ರಸ್ತೆ ತೆರೆಯಿತು. ಪೂರ್ವದ ರಸ್ತೆ ಮಾತ್ರ ಮುಚ್ಚೇ ಉಳಿಯಿತು. ಅದು ಎಲ್ಲರಿಗೂ ತೆರೆದದ್ದು 1936ರ ದೇವಾಲಯ ಪ್ರವೇಶ ಘೋಷಣೆಯ ಜೊತೆ.

ಇನ್ನು ಬಾಬಾಸಾಹೇಬರಿಗೆ ಆದ ರಸ್ತೆ ಅಪಘಾತ. 1929ರಲ್ಲಿ ಅವರು ಚಾಳೀಸ್‌ಗಾಂವ್ ಸ್ಟೇಷನ್ನಿನಲ್ಲಿ ಇಳಿದರು. ಊರಿನ ಮಹಾರರು ಕರೆದೊಯ್ಯಲು ಬಂದಿದ್ದರು. ಟಾಂಗಾದವರು ಬರಲೊಲ್ಲರು: ಮಹಾರನನ್ನು ಕೂರಿಸಿಕೊಂಡು ಗಾಡಿ ಹೊಡೆಯುವುದು ಅವರ ಮರ್ಯಾದೆಗೆ ಕಮ್ಮಿ. ಕೊನೆಗೆ ಟಾಂಗಾ ಬಾಡಿಗೆಗೆ ಕೊಟ್ಟರು, ಹೊಡೆಯುವವನನ್ನು ಕೊಡಲಿಲ್ಲ. ಅತಿಥಿ ನಡೆದು ಬರಬಾರದೆಂದು ಮಹಾರರಲ್ಲೇ ಒಬ್ಬ ಲಗಾಮು ಹಿಡಿದ. ಅವನಿಗೆ ಗಾಡಿ ಹೊಡೆದು ಅಭ್ಯಾಸವಿಲ್ಲ. ಮೋರಿಯ ಹತ್ತಿರ ಚಕ್ರ ಸಿಕ್ಕಿ ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಬಿದ್ದರು. ಕಾಲು ಮುರಿಯಿತು. ಕುದುರೆ, ಗಾಡಿ ಹೊಳೆಗೆ ಬಿದ್ದವು.

ಈಗ ಹೇಳಿ ಗೆಳೆಯರೇ, ಇಲ್ಲಿ ತಪ್ಪು ಯಾರದು? ರಸ್ತೆಯ ಕಾನೂನನ್ನು ಕೇಳಿದರೆ, ಅಭ್ಯಾಸವಿಲ್ಲದೆ ಗಾಡಿ ಹೊಡೆದವನದು ಅನ್ನುತ್ತದೆ. ಕೇಸು ಹಾಕಿದರೆ ಆ ಬಡ ಮಹಾರನ ಮೇಲೇ ಬೀಳುತ್ತದೆ. ಯಾಕೆಂದರೆ ಆ ಕಾನೂನು ನೋಡುವುದು ಕೊನೆಯ ಒಂದು ಗಳಿಗೆಯನ್ನು ಮಾತ್ರ: ಚಕ್ರ ಎಲ್ಲಿತ್ತು, ಲಗಾಮು ಯಾರ ಕೈಲಿತ್ತು. ಆ ಗಳಿಗೆಗೆ ಮುಂಚಿನ ಸಾವಿರ ವರ್ಷ ಅದರ ಕಣ್ಣಿಗೆ ಬೀಳುವುದಿಲ್ಲ. ಬಾಬಾಸಾಹೇಬರು ಮಾತ್ರ ಆ ಕಥೆ ಬರೆಯುವಾಗ ಗಾಡಿ ಹೊಡೆದವನನ್ನು ದೂರಲಿಲ್ಲ. ಅಸ್ಪೃಶ್ಯ ಬ್ಯಾರಿಸ್ಟರನೇ ಆಗಿದ್ದರೂ ಕೂಲಿ ಮಾಡುವ ಟಾಂಗಾದವನು ಅವನಿಗಿಂತ ತಾನು ಮೇಲು ಎಂದುಕೊಳ್ಳುವ ವ್ಯವಸ್ಥೆಯ ಮೇಲೆ ಬೆರಳಿಟ್ಟರು. ರಸ್ತೆಯ ನ್ಯಾಯದ ಬಗ್ಗೆ ನನಗೆ ಇದಕ್ಕಿಂತ ದೊಡ್ಡ ಪಾಠ ಸಿಕ್ಕಿಲ್ಲ.

ಇದೆಲ್ಲ ಹಳೇ ಕಥೆ ಅನ್ನುವವರಿಗೆ ಎರಡು ಸಂಗತಿ. 2019ರ ಸೆಪ್ಟೆಂಬರಿನಲ್ಲಿ ಚಿತ್ರದುರ್ಗದ ಲೋಕಸಭಾ ಸದಸ್ಯ ಎ. ನಾರಾಯಣಸ್ವಾಮಿ ಪಾವಗಡ ತಾಲೂಕಿನ ಒಂದು ಗೊಲ್ಲರಹಟ್ಟಿಗೆ ಹೋದಾಗ, ದಲಿತರೆಂಬ ಕಾರಣಕ್ಕೆ ಊರ ಹೊರಗೇ ತಡೆದರು. 2024ರ ಜನವರಿಯಲ್ಲಿ ನಮ್ಮದೇ ಜಿಲ್ಲೆಯ ತರೀಕೆರೆ ತಾಲೂಕಿನ ಗೇರುಮರಡಿ ಗೊಲ್ಲರಹಟ್ಟಿಗೆ ಕೆಲಸಕ್ಕೆಂದು ಜೆಸಿಬಿ ಜೊತೆ ಹೋದ ದಲಿತ ಯುವಕನ ಮೇಲೆ ಹಲ್ಲೆಯಾಯಿತೆಂದು ದೂರು ದಾಖಲಾಯಿತು. ದಲಿತ ಸಂಘಟನೆಗಳು ಆ ಹಟ್ಟಿಯ ದಾರಿಯಲ್ಲೇ ನಡೆದು ಪ್ರತಿಭಟಿಸಿದವು. ಲೋಕಸಭಾ ಸದಸ್ಯರ ಕಾರೂ ಆಗಲಿಲ್ಲ, ಜೆಸಿಬಿಯೂ ಆಗಲಿಲ್ಲ. ಗಾಡಿ ದೊಡ್ಡದಾದರೆ ದೀಪ ಹಸಿರಾಗುತ್ತದೆ ಅನ್ನುವ ಭ್ರಮೆ ಬೇಡ. ತಡೆದವರೂ ಹಿಂದುಳಿದ ಬಡವರೇ ಅನ್ನುವುದು ಇನ್ನೊಂದು ನೋವು. ಏಣಿಯಲ್ಲಿ ಕೆಳಗಿನಿಂದ ಎರಡನೇ ಮೆಟ್ಟಿಲಲ್ಲಿ ನಿಂತವನಿಗೂ ತುಳಿಯಲು ಒಂದು ತಲೆ ಇಟ್ಟಿದೆ ಈ ಜಾತಿ.

ಆದರೆ ಅಜ್ಜನ ಸೈಕಲ್ಲು ಒಂದು ದಿನ ಕಾನೂನಿನ ಪುಸ್ತಕದೊಳಗೆ ಬಂತು. 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಗಿ, 2016ರ ಜನವರಿ 26ರಿಂದ ಜಾರಿಗೆ ಬಂತು. ಅದರ 3ನೇ ಕಲಮಿನಲ್ಲಿ ಸ್ಪಷ್ಟವಾಗಿ ಬರೆದಿದೆ: ಸಾರ್ವಜನಿಕ ಸ್ಥಳದಲ್ಲಿ ದಲಿತರು ಸೈಕಲ್ ಅಥವಾ ಮೋಟಾರ್ ಸೈಕಲ್ ಹತ್ತುವುದನ್ನು, ಚಪ್ಪಲಿ ಮೆಟ್ಟುವುದನ್ನು, ಹೊಸ ಬಟ್ಟೆ ಉಡುವುದನ್ನು, ಮದುವೆ ಮೆರವಣಿಗೆ ಹೋಗುವುದನ್ನು ತಡೆದರೆ ಅದು ಅಪರಾಧ. ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ಓದಿದಾಗ ನನಗೆ ಅಳು ಬಂತು. ಒಂದು ದೇಶದ ಸಂಸತ್ತು ಕೂತು, 'ಮನುಷ್ಯ ಸೈಕಲ್ ಹೊಡೆಯಬಹುದು' ಅಂತ ಕಾನೂನು ಮಾಡಬೇಕಾಯಿತಲ್ಲ!

4

ಈಗ ಕಂಬವಿರುವ ಕೆಂಪು ದೀಪದ ಕಥೆ.

ರಸ್ತೆಯಲ್ಲಿ ಕೆಂಪು ಬಣ್ಣ ಮೊದಲು ಬಂದದ್ದು ನಡೆಯುವವನನ್ನು ನಿಲ್ಲಿಸಲು ಅಲ್ಲ, ಯಂತ್ರವನ್ನು ಹದ್ದಿನಲ್ಲಿಡಲು. 1865ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕಾನೂನಾಯಿತು. ಉಗಿಯಂತ್ರದ ಗಾಡಿ ರಸ್ತೆಗೆ ಬಂದರೆ ಅದರ ಮುಂದೆ ಅರವತ್ತು ಗಜ ದೂರದಲ್ಲಿ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕು. ಊರೊಳಗೆ ಗಂಟೆಗೆ ಎರಡು ಮೈಲಿ, ಹೊರಗೆ ನಾಲ್ಕು ಮೈಲಿ ಮೀರಬಾರದು. ಅಂದರೆ ಯಂತ್ರ ಮನುಷ್ಯನ ನಡಿಗೆಗೆ ತಗ್ಗಬೇಕು. 1868ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನ ಹೊರಗೆ ಮೊದಲ ಕೆಂಪು ಹಸಿರು ಗ್ಯಾಸ್ ದೀಪ ನಿಂತಿತು. ಮರುವರ್ಷವೇ ಅದು ಸಿಡಿದುಹೋಯಿತು.

ಆಮೇಲೆ ಮೋಟಾರು ಬಂತು, ಮೋಟಾರಿನವರ ಸಂಘಗಳು ಬಂದವು. 1896ರಲ್ಲಿ ಇಂಗ್ಲೆಂಡಿನ ನಿಯಮ ಸಡಿಲವಾಯಿತು. 1923ರಲ್ಲಿ ಅಮೆರಿಕದ ಸಿನ್ಸಿನಾಟಿ ನಗರದ ಜನ, ಕಾರುಗಳು ಗಂಟೆಗೆ 25 ಮೈಲಿ ಮೀರದ ಹಾಗೆ ಯಂತ್ರ ಜೋಡಿಸಿ ಎಂದು ಕೇಳಿದರು. ಕಾರಿನ ವ್ಯಾಪಾರಿಗಳು ಒಟ್ಟಾಗಿ ಅದನ್ನು ಸೋಲಿಸಿದರು. ಅಲ್ಲಿಂದ ಮಾತು ತಿರುಗಿತು. ಅಲ್ಲಿಯವರೆಗೆ ಮಗು ಸತ್ತರೆ ಕಾರಿನದ್ದು ತಪ್ಪು ಅನ್ನುತ್ತಿದ್ದ ಊರುಗಳು, ರಸ್ತೆಗಿಳಿದ ಮಗುವಿನದ್ದೇ ತಪ್ಪು ಅನ್ನತೊಡಗಿದವು. ಯಂತ್ರದ ಮುಂದೆ ನಡೆದಿದ್ದ ಕೆಂಪು, ನಡೆಯುವವನ ಮುಖಕ್ಕೆ ತಿರುಗಿತು. ಬಂಡವಾಳ ನಮ್ಮಿಂದ ಕಸಿದುಕೊಂಡದ್ದು ಬರೀ ನೆಲವನ್ನಲ್ಲ, ನೆಲದ ಮೇಲೆ ನಡೆಯುವ ಹಕ್ಕನ್ನೂ.

ನಮ್ಮ ನಾಡಿನಲ್ಲೂ ಇದೇ ಆಯಿತು. ಈ ಗುಡ್ಡಗಳಿಗೆ ಒಳ್ಳೇ ರಸ್ತೆ ಬಂದದ್ದು ಕಾಫಿ ಮೂಟೆಗಳಿಗಾಗಿ. ಕಮಿಷನರ್ ಮಾರ್ಕ್ ಕಬ್ಬನ್ ಆಳಿದ 1834ರಿಂದ 1861ರ ಕಾಲದಲ್ಲಿ ಮೈಸೂರು ಸೀಮೆಯ ಘಟ್ಟದ ದಾರಿಗಳು ಗಾಡಿದಾರಿಗಳಾಗತೊಡಗಿದವು. ಕಾಫಿ ಕರಾವಳಿಗೆ ಇಳಿಯಬೇಕಿತ್ತು, ಹಡಗು ಹತ್ತಬೇಕಿತ್ತು. ಕಲ್ಲು ಒಡೆದವರು, ಮಣ್ಣು ಹೊತ್ತವರು ಆ ರಸ್ತೆಯ ಅಂಚಿನಲ್ಲಿ ಬರಿಗಾಲಲ್ಲಿ ನಡೆದರು. ಇವತ್ತಿಗೂ ಚಿಕ್ಕಮಗಳೂರು–ಮೂಡಿಗೆರೆ ದಾರಿಯಲ್ಲಿ ಆಲ್ದೂರು ದಾಟಿ ನೋಡಿ. ಡಾಂಬರು ಮುಗಿದ ಕಡೆ ಚರಂಡಿ, ಚರಂಡಿ ಮುಗಿದ ಕಡೆ ತೋಟದ ಬೇಲಿ. ನಡೆಯುವವನಿಗೆ, ಸೈಕಲ್ಲಿನವನಿಗೆ ಒಂದು ಮೊಳ ಜಾಗ ಎಲ್ಲಿದೆ?

ಕಾನೂನಿನಲ್ಲೂ ಅಷ್ಟೆ. 1939ರ ಮೋಟಾರು ವಾಹನ ಕಾಯ್ದೆ, ಅದರ ಜಾಗಕ್ಕೆ ಬಂದ 1988ರ ಕಾಯ್ದೆ, ಎರಡೂ ಹೆಸರೇ ಹೇಳುವಂತೆ ಮೋಟಾರಿನವು. ಸೈಕಲ್ ಅವುಗಳಲ್ಲಿ ಗಾಡಿಯಲ್ಲ. ಹಾಗಾದರೆ ಸೈಕಲ್ಲನ್ನು ಸರ್ಕಾರ ಬಿಟ್ಟಿತೇ? ಇಲ್ಲ. ಹಕ್ಕು ಕೊಡುವಾಗ ಕಾಣದ ಸೈಕಲ್ಲು ತೆರಿಗೆ ಎತ್ತುವಾಗ ಕಂಡಿತು. ಮೋಟಾರಲ್ಲದ ಗಾಡಿಗಳ ಮೇಲೆ ತೆರಿಗೆ ಹಾಕುವ ಅಧಿಕಾರ ಪುರಸಭೆಗಳಿಗೆ ಇತ್ತು. ಅಜ್ಜನ ತಗಡಿನ ಪೆಟ್ಟಿಗೆಯಲ್ಲಿ ಈಗಲೂ ಒಂದು ಸೈಕಲ್ ಬಿಲ್ಲೆ ಇದೆ. ವರ್ಷಕ್ಕೊಂದು ಬಿಲ್ಲೆ, ಅದಿಲ್ಲದಿದ್ದರೆ ದಂಡ. ರಾತ್ರಿ ಲ್ಯಾಂಪಿಲ್ಲದಿದ್ದರೆ ದಂಡ. ಹಿಂದೆ ಹೆಂಡತಿಯನ್ನು ಕೂರಿಸಿಕೊಂಡರೆ 'ಡಬಲ್ ರೈಡ್' ಅಂತ ದಂಡ. ದಂಡ ಕಟ್ಟಲು ಕಾಸಿಲ್ಲದಿದ್ದರೆ ಪೊಲೀಸಪ್ಪ ಗಾಳಿ ಬಿಡುತ್ತಿದ್ದ, ವಾಲ್‌ಟ್ಯೂಬ್ ಕಿತ್ತುಕೊಳ್ಳುತ್ತಿದ್ದ. ನಮ್ಮ ಕೇರಿಯ ಹಿರೀಕರನ್ನು ಕೇಳಿ, ಸೈಕಲ್ ಹೊಡೆದ ಪ್ರತಿಯೊಬ್ಬರ ಹತ್ತಿರವೂ ವಾಲ್‌ಟ್ಯೂಬಿನ ಒಂದು ಕಥೆ ಇರುತ್ತದೆ.

2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ಹೆಣ್ಣುಮಕ್ಕಳು ಸಾಲಾಗಿ ಸೈಕಲ್ ಮೇಲೆ ಹೈಸ್ಕೂಲಿಗೆ ಹೋಗುವುದನ್ನು ಬಯಲುಸೀಮೆಯ ಹಳ್ಳಿಗಳು ಕಂಡವು. ಅದು ಒಳ್ಳೇ ಕೆಲಸ, ಒಪ್ಪೋಣ. ಸೈಕಲ್ ಕೊಟ್ಟ ಸರ್ಕಾರ ಸೈಕಲ್ ಹೋಗುವ ಜಾಗವನ್ನು ಮಾತ್ರ ಕೊಡಲಿಲ್ಲ.

5

ನಮ್ಮಪ್ಪನಿಗೆ ಅಪಘಾತವಾದದ್ದು 2007ರಲ್ಲಿ, ಕಾಫಿ ಹಣ್ಣು ಕುಯ್ಯುವ ಕಾಲ. ನನಗೆ ಎಂಟು ವರ್ಷ. ಸಂತೆ ಮುಗಿಸಿ ಕತ್ತಲಾದ ಮೇಲೆ ಅಜ್ಜನ ಅದೇ ಸೈಕಲ್ಲಿನಲ್ಲಿ ಬರುತ್ತಿದ್ದ. ಡೈನಮೋ ಕೆಟ್ಟು ಎಷ್ಟೋ ದಿನವಾಗಿತ್ತು. ತಿರುವಿನಲ್ಲಿ ಜೀಪೊಂದು ಬಂದು ಹೊಡೆಯಿತು. ಎರಡು ದಿನ ಕಳೆದು, ಅಪ್ಪನನ್ನು ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿಸಿದ್ದಾಗ ಪೊಲೀಸಿನವರು ಬಂದರು.

'ಲ್ಯಾಂಪಿತ್ತೇನೋ?'

'ಇರ್ಲಿಲ್ಲ ಸ್ವಾಮಿ.'

'ಮತ್ತಿನ್ನೇನು, ತಪ್ಪು ನಿಂದೇ. ಕೇಸು ಗೀಸು ಅಂದ್ರೆ ನಿನ್ ಮೇಲೇ ಆಗೋದು.'

ಜೀಪಿನವರು ಐದುನೂರು ರೂಪಾಯಿ ಕೊಟ್ಟು ಹೋದರು. ಅವ್ವ ಅವರಿಗೆ ಕೈ ಮುಗಿದಳು. ಅಪ್ಪನ ಎಡಗಾಲು ಗಿಡ್ಡವಾಯಿತು. ಗಿಡ್ಡ ಕಾಲಿನವನಿಗೆ ಗುಡ್ಡದ ತೋಟದಲ್ಲಿ ಏನು ಕೆಲಸ? ಅಂದಿನಿಂದ ಮನೆ ನಡೆದದ್ದು ಅವ್ವನ ಕೂಲಿಯಲ್ಲಿ. ಅಕ್ಕ ಶಾಲೆ ಬಿಟ್ಟಳು. ನಾನು ಓದಿದೆ. ಈ ಲೇಖನ ಬರೆಯುತ್ತಿರುವ ಕೈಗೆ ಅಕ್ಕನ ಋಣ ಇದೆ.

'ತಪ್ಪು ನಿಂದೇ' ಅನ್ನುವ ಮಾತನ್ನು ಅಪ್ಪ ನಂಬಿದ. ನಾವೂ ನಂಬಿದೆವು. ಹದಿನೈದು ವರ್ಷದ ಮೇಲೆ ಬೆಂಗಳೂರಿನ ಒಂದು ಗ್ರಂಥಾಲಯದಲ್ಲಿ ಕೂತು ಓದಿದಾಗ ಗೊತ್ತಾಯಿತು, ಅದು ಸುಳ್ಳು. ಹಳೇ 1939ರ ಕಾಯ್ದೆಗೆ 1982ರಲ್ಲಿ ಒಂದು ಕಲಮು ಸೇರಿಸಿದ್ದರು. ಮೋಟಾರಿನಿಂದ ಯಾರಾದರೂ ಸತ್ತರೆ ಅಥವಾ ಶಾಶ್ವತ ಅಂಗವೈಕಲ್ಯವಾದರೆ, ಯಾರ ತಪ್ಪೆಂದು ಕೇಳದೆಯೇ ಗಾಡಿಯ ಮಾಲೀಕ ಒಂದು ಮೊತ್ತ ಕೊಡಲೇಬೇಕು. ಗಾಯಗೊಂಡವನದ್ದೇ ತಪ್ಪಿದ್ದರೂ ಅದನ್ನು ನಿರಾಕರಿಸುವಂತಿಲ್ಲ, ಕಡಿಮೆ ಮಾಡುವಂತಿಲ್ಲ. ಆಗ ಸಾವಿಗೆ 15,000 ರೂಪಾಯಿ, ಅಂಗವೈಕಲ್ಯಕ್ಕೆ 7,500. 1988ರ ಕಾಯ್ದೆಯಲ್ಲಿ ಅದು 25,000 ಮತ್ತು 12,000 ಆಯಿತು. 1994ರಲ್ಲಿ 50,000 ಮತ್ತು 25,000. ಅಂದರೆ ಲ್ಯಾಂಪಿಲ್ಲದಿದ್ದರೂ ನಮ್ಮಪ್ಪನಿಗೆ ಕಾನೂನಿನಂತೆ 25,000 ರೂಪಾಯಿ ಬರಬೇಕಿತ್ತು. 2007ರಲ್ಲಿ ನಮ್ಮ ಮನೆಗೆ ಆ ದುಡ್ಡು ಅಂದರೆ ಅಕ್ಕನ ಎಸ್ಸೆಸ್ಸೆಲ್ಸಿ. ಕಾನೂನು ಹುಟ್ಟಿ ಇಪ್ಪತ್ತೈದು ವರ್ಷವಾಗಿತ್ತು. ಅಜ್ಜನ ಕಾಲದಂತೆ ಇದೂ ಏರಿನಲ್ಲೇ ನಿಂತುಬಿಟ್ಟಿತ್ತು. ದಂಡದ ಕಾನೂನು ಮಾತ್ರ ಇಳಿಜಾರಿನಲ್ಲಿ ಸೀದಾ ಲೈನುಮನೆಗೆ ಬರುತ್ತದೆ.

1987ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗುಜರಾತಿನ ಸರ್ಕಾರಿ ಬಸ್ ನಿಗಮದ ಒಂದು ಮೊಕದ್ದಮೆ ತೀರ್ಮಾನವಾಯಿತು. ಸತ್ತ ಹುಡುಗನ ಸೋದರ ಪರಿಹಾರ ಕೇಳಬಹುದೇ ಅನ್ನುವುದು ಪ್ರಶ್ನೆ. ಕೇಳಬಹುದು ಎಂದು ತೀರ್ಪು ಬರೆದವರು ಮಂಡ್ಯ ಜಿಲ್ಲೆಯ ಎಂಗಲಗುಪ್ಪೆಯಲ್ಲಿ ಹುಟ್ಟಿದ ಇ.ಎಸ್. ವೆಂಕಟರಾಮಯ್ಯ. 1989ರಲ್ಲಿ ಅವರು ಮುಖ್ಯ ನ್ಯಾಯಮೂರ್ತಿಯಾದರು. ತೀರ್ಪಿನಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತನ್ನ ತಪ್ಪಿಲ್ಲದೆ ಮೋಟಾರಿಗೆ ಸಿಕ್ಕಿ ಗಾಯಗೊಂಡ, ಸತ್ತ ಪಾದಚಾರಿಗೆ, ಚಾಲಕನ ಅಜಾಗ್ರತೆ ಇರಲಿ ಇಲ್ಲದಿರಲಿ, ಪರಿಹಾರ ಸಿಗಬೇಕು; ಇಲ್ಲದಿದ್ದರೆ ಸಾಮಾಜಿಕ ನ್ಯಾಯಕ್ಕೆ ಅರ್ಥವೇ ಇಲ್ಲ ಎಂಬುದು ಅವರ ಮಾತಿನ ಸಾರ. ಅಪಾಯವನ್ನು ರಸ್ತೆಗೆ ತಂದವನು ಅದರ ಹೊರೆ ಹೊರಬೇಕು. ಇದರಲ್ಲಿ ಕಷ್ಟದ ತತ್ವವೇನೂ ಇಲ್ಲ. ಹೋರಿ ಸಾಕಿದವನು ಹೋರಿ ಹಾಯ್ದದ್ದಕ್ಕೆ ಉತ್ತರ ಕೊಡಬೇಕು ಅನ್ನುವುದು ನಮ್ಮ ಹಳ್ಳಿಯ ಪಂಚಾಯಿತಿಗೂ ಗೊತ್ತು.

ನೆದರ್ಲೆಂಡ್ಸ್ ದೇಶದಲ್ಲಿ ಇದೇ ತತ್ವ ದೂರ ಹೋಯಿತು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,300 ಜನ ಸತ್ತರು, ಅವರಲ್ಲಿ ನಾನೂರಕ್ಕೂ ಮಿಕ್ಕಿ ಮಕ್ಕಳು. 1972ರಲ್ಲಿ ತಂದೆತಾಯಿಗಳು 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ಹೆಸರಿನಲ್ಲೇ ಚಳವಳಿ ಕಟ್ಟಿ ರಸ್ತೆಗಳಲ್ಲಿ ಕೂತರು. ಸೈಕಲ್ಲಿಗೆ ಬೇರೆ ದಾರಿಗಳು ಬಂದವು. ಅಲ್ಲಿನ ಕಾನೂನಿನಲ್ಲಿ ಕಾರು ಹದಿನಾಲ್ಕು ವರ್ಷದೊಳಗಿನ ಮಗುವಿನ ಸೈಕಲ್ಲಿಗೆ ಹೊಡೆದರೆ ಮಗು ತಪ್ಪು ದಾರಿಯಲ್ಲಿ ಬಂದಿದ್ದರೂ ಬಹುಮಟ್ಟಿಗೆ ಪೂರ್ತಿ ಹೊರೆ ಕಾರಿನವನದು. ದೊಡ್ಡವರಾದರೂ ಸಾಮಾನ್ಯವಾಗಿ ಅರ್ಧಕ್ಕೆ ಕಡಿಮೆಯಿಲ್ಲ. ಆ ದೇಶ ಸೈಕಲ್ಲಿನ ದೇಶವಾದದ್ದು ಹವಾಮಾನದಿಂದಲ್ಲ, ಜನ ರಸ್ತೆಗೆ ಇಳಿದದ್ದರಿಂದ.

6

ಈಗ ಬೆಂಗಳೂರಿನ ಆ ಮುದುಕನ ಹತ್ತಿರ ವಾಪಸ್ ಹೋಗೋಣ. ಅವನು ಕೆಂಪು ದೀಪ ದಾಟಿದ್ದು ಸರಿಯೇ?

ಅವನ ಕಾಲಿನಿಂದ ಯೋಚಿಸಿ. ನಿಂತ ಬೈಕು ಹೊರಡಲು ಬೆರಳು ತಿರುವಿದರೆ ಸಾಕು. ನಿಂತ ಸೈಕಲ್ ಹೊರಡಲು ಮೊಣಕಾಲು ನೋಯಬೇಕು. ದೀಪ ಹಸಿರಾದ ಕೂಡಲೇ ಹಿಂದಿನಿಂದ ನೂರು ಎಂಜಿನ್ನು ಒಟ್ಟಿಗೆ ನುಗ್ಗುತ್ತವೆ, ಆ ನುಗ್ಗಿನಲ್ಲಿ ತೂರಾಡುವ ಸೈಕಲ್ಲೇ ಮೊದಲು ಬೀಳುವುದು. ಹಾಗಾಗಿ ಅವನು ಆ ನುಗ್ಗಿಗೆ ಮುಂಚೆ ದಾಟಿದ. ಅದು ಧಿಮಾಕಲ್ಲ, ಹೆದರಿಕೆ. ಅಮೆರಿಕದ ಐಡಾಹೊ ರಾಜ್ಯ 1982ರಲ್ಲೇ ಇದನ್ನು ಅರ್ಥಮಾಡಿಕೊಂಡಿತು. ನಿಲ್ಲಿ ಎಂಬ ಫಲಕದ ಮುಂದೆ ಸೈಕಲ್ಲಿನವನು ವೇಗ ತಗ್ಗಿಸಿ, ಬೇರೆಯವರಿಗೆ ದಾರಿ ಬಿಟ್ಟು, ನಿಲ್ಲದೆಯೇ ಮುಂದೆ ಹೋಗಬಹುದೆಂದು ಕಾನೂನು ಮಾಡಿತು. ಕೆಂಪು ದೀಪದಲ್ಲಿ ಒಮ್ಮೆ ನಿಂತು, ನೋಡಿಕೊಂಡು ದಾಟಬಹುದು. ನಮ್ಮ ಕಡೆ ನಡೆದದ್ದು ಉಲ್ಟಾ. 2013ರಲ್ಲಿ ಕೊಲ್ಕತ್ತಾದಲ್ಲಿ 174 ರಸ್ತೆಗಳಿಂದ ಸೈಕಲ್ಲನ್ನೇ ಹೊರಹಾಕಿದರು. ಹಾಲಿನವನು, ಪೇಪರಿನವನು, ಕೂಲಿಯವನು ಒಂದೇ ಆಜ್ಞೆಯಲ್ಲಿ ಅಪರಾಧಿಗಳಾದರು. ಅಸ್ಪೃಶ್ಯತೆಗೆ ಎಷ್ಟೊಂದು ವೇಷ!

ಇತ್ತ 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಾಕಿ ಸಂಚಾರಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತು. ಬೆಂಗಳೂರಿನಲ್ಲಿ ಕೆಲವೇ ದಿನದಲ್ಲಿ ನೂರು ಕೋಟಿ ರೂಪಾಯಿಗೂ ಮೀರಿ ಜಮೆಯಾಯಿತು. ಅದು ಅರ್ಧ ದರದಲ್ಲಿ. ಮೋಟಾರಿನವರು ಎಷ್ಟು ಕೆಂಪು ದೀಪ ಹಾರಿದ್ದರು ಲೆಕ್ಕ ಹಾಕಿ. ಅಪರಾಧಕ್ಕೆ ಹಬ್ಬದ ರಿಯಾಯಿತಿ! ವಾಲ್‌ಟ್ಯೂಬಿಗೆ ಯಾರೂ ರಿಯಾಯಿತಿ ಕೊಟ್ಟಿರಲಿಲ್ಲ. ಅದರ ಹಿಂದಿನ ವರ್ಷ, 2022ರಲ್ಲಿ, ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ 32,825 ಜನ ಬರೀ ನಡೆದು ಹೋಗುತ್ತಿದ್ದವರು. ಅವರಲ್ಲಿ ಯಾರೂ ಯಾರ ಮೇಲೂ ಗಾಡಿ ಹತ್ತಿಸಿರಲಿಲ್ಲ.

ಹಾಗಂತ ಸೈಕಲ್ಲಿನವರು ದೀಪ ಹಾರಲಿ ಅಂತ ನಾನು ಹೇಳುತ್ತಿಲ್ಲ. ಬಿಳಿ ಪಟ್ಟೆಯ ಮೇಲೆ ಮಗುವಿನ ಕೈ ಹಿಡಿದು ದಾಟುವ ತಾಯಿಗೆ ಸೈಕಲ್ಲೂ ಒಂದು ಗಾಡಿಯೇ. ಇನ್ನೊಂದು ಮಾತನ್ನು ನಮ್ಮೊಳಗೆ ನಾವು ಆಡಿಕೊಳ್ಳಬೇಕು. ಈಗ ನಮ್ಮ ಕೇರಿಯ ಹುಡುಗರ ಹತ್ತಿರವೂ ಬೈಕಿದೆ. ಜಾತ್ರೆಯ ರಾತ್ರಿ ಸೈಲೆನ್ಸರ್ ಕಿತ್ತು ಓಡಿಸುವಾಗ ಅಂಚಿನಲ್ಲಿ ಸೌದೆ ಹೊತ್ತು ಬರುವ ಅಜ್ಜಿಯರು ಚರಂಡಿಗೆ ಇಳಿಯುತ್ತಾರೆ. ಸಾಹುಕಾರನ ಗೇಟಿನ ಮುಂದೆ ನಮ್ಮಜ್ಜ ಇಳಿದ ಹಾಗೆ. ಹ್ಯಾಂಡಲ್ಲು ನಮ್ಮ ಕೈಗೆ ಬಂದಾಗ ನಾವೂ ಕಂಬವಿಲ್ಲದ ಕೆಂಪು ದೀಪ ಆಗುವುದಾದರೆ, ಬಾಬಾಸಾಹೇಬರ ಫೋಟೋ ಬೈಕಿಗೆ ಅಂಟಿಸಿ ಏನು ಪ್ರಯೋಜನ?

ನಾನು ಹೇಳುವುದು ಇಷ್ಟೆ. ನಿಯಮ ಎಲ್ಲರಿಗೂ ಇರಲಿ. ಆದರೆ ತಪ್ಪಿನ ತೂಕ ಅಪಾಯದ ತೂಕದಷ್ಟಿರಲಿ. ಹತ್ತು ಟನ್ನಿನ ಲಾರಿಯ ತಪ್ಪು ಮತ್ತು ಹದಿನೈದು ಕೇಜಿಯ ಸೈಕಲ್ಲಿನ ತಪ್ಪು ಒಂದೇ ತಕ್ಕಡಿಯ ಒಂದೇ ಕಲ್ಲಿನಲ್ಲಿ ತೂಗುವುದು ಸಮಾನತೆಯಲ್ಲ. ಮತ್ತು ಆ ಕೊನೆಯ ಗಳಿಗೆಯನ್ನು ನೋಡುವವರು ಅದಕ್ಕೆ ಮುಂಚಿನದನ್ನೂ ನೋಡಲಿ: ಲ್ಯಾಂಪು ಯಾಕಿರಲಿಲ್ಲ, ಅಂಚು ಯಾಕಿರಲಿಲ್ಲ, ಕೂಲಿ ಎಷ್ಟಿತ್ತು.

7

ಹಳ್ಳಿಯ ಮೇಷ್ಟ್ರುಗಳಿಗೆ, ಸಂಘದ ಗೆಳೆಯರಿಗೆ, ಹಾಸ್ಟೆಲಿನ ಹುಡುಗ ಹುಡುಗಿಯರಿಗೆ ನನ್ನದೊಂದು ಕೋರಿಕೆ. ಏರಿನಲ್ಲಿ ನಿಂತ ಕಾನೂನನ್ನು ನೂಕಿಕೊಂಡು ಲೈನುಮನೆಗೆ ತರೋಣ.

2019ರ ತಿದ್ದುಪಡಿಯಿಂದ ಈ ಪರಿಹಾರದ ಕಲಮುಗಳು ಬದಲಾಗಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಮೋಟಾರಿನಿಂದ ಸಾವಾದರೆ 5 ಲಕ್ಷ, ತೀವ್ರ ಗಾಯವಾದರೆ 2.5 ಲಕ್ಷ ರೂಪಾಯಿ. ಚಾಲಕನ ತಪ್ಪನ್ನು ಸಾಬೀತು ಮಾಡಬೇಕಿಲ್ಲ. ಹೊಡೆದು ಓಡಿಹೋದ ಗಾಡಿ ಪತ್ತೆಯಾಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ಇದೆ. ತಪ್ಪು ಸಾಬೀತು ಮಾಡಿ ಹೆಚ್ಚಿನ ಪರಿಹಾರ ಕೇಳುವವರಿಗೆ ಆರು ತಿಂಗಳ ಗಡುವು ಹಾಕಿದ್ದಾರೆ. ಆ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಆದರೂ ನಮ್ಮವರು ಆರು ತಿಂಗಳೊಳಗೇ ಅರ್ಜಿ ಹಾಕುವುದು ಲೇಸು. ಅರ್ಜಿಯನ್ನು ಗಾಯಗೊಂಡವರು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೇ ಹಾಕಬಹುದು. ದೂರು ಕೊಟ್ಟವರಿಗೆ ಎಫ್.ಐ.ಆರ್. ಪ್ರತಿ ಪುಕ್ಕಟೆ ಕೊಡಬೇಕು. ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ಮನಾಗಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ, ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗಬೇಕು. ಇದನ್ನು ಬ್ಲಾಕ್ ಬೋರ್ಡಿನ ಮೇಲೆ ಬರೆಯಿರಿ. ಸಂತೆಯ ದಿನ ಓದಿ ಹೇಳಿ. ಕಾಫಿ ಹಣ್ಣಿನ ಚೀಲ ತೂಗಿಸಲು ಸಾಲುನಿಂತ ಹೆಂಗಸರಿಗೆ ಹೇಳಿ.

'ತಪ್ಪು ನಿಂದೇ' ಅಂತ ಯಾರಾದರೂ ಹೇಳಿದರೆ, ತಲೆ ತಗ್ಗಿಸುವ ಮುಂಚೆ ಒಂದು ನಿಮಿಷ ನಿಲ್ಲಿ. ನಮ್ಮನ್ನು ಇಷ್ಟು ಕಾಲ ಆಳಿದ್ದು ಆ ಒಂದು ಮಾತು.

ಹೋದ ತಿಂಗಳು ಊರಿಗೆ ಹೋಗಿದ್ದೆ. ಅಜ್ಜ ಈಗಿಲ್ಲ. ಸೈಕಲ್ಲು ಕಾಫಿ ಗಿಡದ ಮರೆಯಲ್ಲಿ ತುಕ್ಕು ಹಿಡಿದು ಒರಗಿದೆ. ಅಕ್ಕನ ಮಗಳು ಹೈಸ್ಕೂಲಿಗೆ ತನ್ನ ಸೈಕಲ್ಲಿನಲ್ಲಿ ಹೋಗುತ್ತಾಳೆ. ಆ ಗೇಟಿನ ಮುಂದೆ ಅವಳು ಇಳಿಯುವುದಿಲ್ಲ. ಅಲ್ಲಿ ಇಳಿಯುತ್ತಿದ್ದರು ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಿದೆ. ಗೊತ್ತಿರಬೇಕು ಅಂತ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: 'ಮಾವ, ಆ ಲಾರಿಗಳು ಬರೋವಾಗ ಮಾತ್ರ ನಾನು ಚರಂಡಿಗೆ ಇಳೀಬೇಕಲ್ಲ, ಅದು ಯಾವಾಗ ಹೋಗುತ್ತೆ?'

ಉತ್ತರ ನನ್ನೊಬ್ಬನ ಹತ್ತಿರ ಇಲ್ಲ. ಅದಕ್ಕೇ ನಿಮಗೆ ಬರೆದೆ.